ಸ್ಥಾನ ತಪ್ಪಿದ ಪರಮಾಣುಗಳು ಮತ್ತು ಯೂಜೀನ್ ವಿಗ್ನರ್

ಘನವಸ್ತುಗಳ ಪಾಠದಲ್ಲಿ ನಾವು ಕಪ್ಪುಹಲಗೆಯ ಮೇಲೆ ಎರಡು ಪಟ್ಟಿ ಬರೆಯುತ್ತೇವೆ. ಲೋಹ, ಉಪ್ಪು ಸ್ಫಟಿಕದ ಕಡೆಗೆ. ಗಾಜು ಅಸ್ಫಟಿಕದ ಕಡೆಗೆ. ಆದರೆ ವಿಕಿರಣಕ್ಕೆ ಒಡ್ಡಿದಾಗ ಮೊದಲ ಪಟ್ಟಿಯ ಕೆಲವು ವಸ್ತುಗಳು ಎರಡನೆಯದಕ್ಕೆ ಸೇರುತ್ತವೆ. ಈ ಬದಲಾವಣೆಯ ಮೂಲವನ್ನು ಲೆಕ್ಕದ ಮೂಲಕವೇ ಮುಂಚಿತವಾಗಿ ಕಂಡವರು ಯೂಜೀನ್ ವಿಗ್ನರ್.

ವಿಗ್ನರ್ 1902ರ ನವೆಂಬರ್ 17ರಂದು ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಜನಿಸಿದರು. ಪ್ರೌಢಶಾಲೆಯಲ್ಲಿ ಅವರಿಗೆ ಗಣಿತ ಕಲಿಸಿದವರು ಲಾಸ್ಲೊ ರಾಟ್ಸ್. ಮುಂದೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪ್ರಾಧ್ಯಾಪಕರಾದಾಗಲೂ ವಿಗ್ನರ್ ತಮ್ಮ ಕೊಠಡಿಯಲ್ಲಿ ಈ ಗುರುವಿನ ಭಾವಚಿತ್ರ ಇಟ್ಟುಕೊಂಡಿದ್ದರು. ತಂದೆ ಚರ್ಮ ಹದಮಾಡುವ ಕಾರ್ಖಾನೆ ನಡೆಸುತ್ತಿದ್ದರು. ಅವರ ಇಚ್ಛೆಯಂತೆ ಮಗ ಬರ್ಲಿನ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ, 1925ರಲ್ಲಿ ಡಾಕ್ಟರೇಟ್ ಪಡೆದು, ಕೆಲಕಾಲ ಆ ಕಾರ್ಖಾನೆಯಲ್ಲೇ ದುಡಿದರು. ಮನಸ್ಸು ಮಾತ್ರ ಭೌತಶಾಸ್ತ್ರದಲ್ಲಿತ್ತು. ಮತ್ತೆ ಬರ್ಲಿನ್‌ಗೆ ಹೋಗಿ ಸ್ಫಟಿಕಗಳ ಸಮ್ಮಿತಿಯನ್ನು ಅಭ್ಯಾಸ ಮಾಡಿದರು.

1942ರಲ್ಲಿ ಷಿಕಾಗೋದಲ್ಲಿ ಮೊದಲ ಪರಮಾಣು ರಿಯಾಕ್ಟರ್ ಸಿದ್ಧವಾಗುತ್ತಿತ್ತು. ನ್ಯೂಟ್ರಾನ್‌ಗಳ ವೇಗ ತಗ್ಗಿಸಲು ಅದರಲ್ಲಿ ಗ್ರಾಫೈಟ್ ಇಟ್ಟಿದ್ದರು. ವಿಗ್ನರ್ ಕೇಳಿಕೊಂಡ ಪ್ರಶ್ನೆ ಸರಳ: ನ್ಯೂಟ್ರಾನ್ ನಿಧಾನವಾಗುತ್ತದೆ ಸರಿ, ಅದರಿಂದ ಪೆಟ್ಟು ತಿಂದ ಇಂಗಾಲದ ಪರಮಾಣು ಏನಾಗುತ್ತದೆ? ಅದು ಜಾಲಕದಲ್ಲಿನ ತನ್ನ ಸ್ಥಾನ ಬಿಟ್ಟು ಹಾರುತ್ತದೆ, ಪಕ್ಕದವನ್ನೂ ಕದಲಿಸುತ್ತದೆ. ಗ್ರಾಫೈಟ್ ಉಬ್ಬುತ್ತದೆ, ಅದರೊಳಗೆ ಶಕ್ತಿ ಶೇಖರವಾಗುತ್ತದೆ. ಸಹೋದ್ಯೋಗಿಗಳು ಇದನ್ನು ವಿಗ್ನರ್ ರೋಗ ಎಂದು ಕರೆದರು. ಹ್ಯಾನ್‌ಫರ್ಡ್‌ನ ರಿಯಾಕ್ಟರುಗಳಲ್ಲಿ ಗ್ರಾಫೈಟ್ ನಿಜವಾಗಿಯೂ ಉಬ್ಬಿತು. 1957ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ, ಶೇಖರವಾದ ಶಕ್ತಿಯನ್ನು ಹೊರಬಿಡಲು ಗ್ರಾಫೈಟನ್ನು ಕಾಯಿಸುವಾಗ ರಿಯಾಕ್ಟರಿಗೆ ಬೆಂಕಿ ಬಿತ್ತು. ವಿಕಿರಣಶೀಲ ಅಯೋಡಿನ್ ಹರಡಿ, ಸುತ್ತಲಿನ ಹಳ್ಳಿಗಳ ಹಾಲನ್ನು ಚೆಲ್ಲಬೇಕಾಯಿತು.

ಮಿಶ್ರಲೋಹಗಳಲ್ಲಿ ಪರಿಣಾಮ ಇನ್ನೂ ಮುಂದೆ ಹೋಗುತ್ತದೆ. ನಮ್ಮ ಕೈಗಾ ಸ್ಥಾವರದಲ್ಲೂ ಇಂಧನದ ಕೊಳವೆಗಳು ಜಿರ್ಕಲಾಯ್ ಎಂಬ ಮಿಶ್ರಲೋಹದವು. ಅದರಲ್ಲಿ ಜಿರ್ಕೋನಿಯಂ, ಕಬ್ಬಿಣ, ಕ್ರೋಮಿಯಂ ಸೇರಿ ಆದ ಸೂಕ್ಷ್ಮ ಕಣಗಳಿರುತ್ತವೆ. ನ್ಯೂಟ್ರಾನ್‌ಗಳ ಹೊಡೆತಕ್ಕೆ ಈ ಕಣಗಳು ಅಸ್ಫಟಿಕವಾಗಬಲ್ಲವು. ಸುತ್ತಲಿನ ಜಿರ್ಕೋನಿಯಂ ಸ್ಫಟಿಕವಾಗಿಯೇ ಉಳಿಯುತ್ತದೆ. ಕಾರಣವಿಷ್ಟೆ: ಒಂದೇ ಧಾತುವಿನ ಲೋಹದಲ್ಲಿ ಕದಲಿದ ಪರಮಾಣು ಯಾವ ಖಾಲಿ ಸ್ಥಾನದಲ್ಲಾದರೂ ಕೂರಬಹುದು. ಸಂಯುಕ್ತದಲ್ಲಿ ಕಬ್ಬಿಣಕ್ಕೆ ಕಬ್ಬಿಣದ ಸ್ಥಾನವೇ ಸಿಗಬೇಕು. ರಿಪೇರಿಗಿಂತ ಹಾನಿ ವೇಗವಾದರೆ ಕ್ರಮವೇ ಕುಸಿಯುತ್ತದೆ. ಉಷ್ಣತೆ ಸಾಕಷ್ಟು ಹೆಚ್ಚಿದ್ದರೆ ಪರಮಾಣುಗಳು ಚಲಿಸಿ ಕ್ರಮ ಮರಳುತ್ತದೆ.

ವಿಗ್ನರ್ ಅವರಿಗೆ 1963ರಲ್ಲಿ ನೊಬೆಲ್ ಪ್ರಶಸ್ತಿ ಬಂದದ್ದು ಬೇರೆ ಕೆಲಸಕ್ಕೆ: ಪರಮಾಣು ಬೀಜದ ಸಿದ್ಧಾಂತ ಮತ್ತು ಸಮ್ಮಿತಿಯ ತತ್ವಗಳಿಗೆ. 1995ರ ಜನವರಿ 1ರಂದು ಅವರು ನಿಧನರಾದರು.

ತರಗತಿಯಲ್ಲಿ ಇದನ್ನು ತೋರಿಸಲು ಎರಡು ತಟ್ಟೆ, ಒಂದಿಷ್ಟು ಗೋಲಿ ಸಾಕು. ಒಂದರಲ್ಲಿ ಒಂದೇ ಗಾತ್ರದ ಗೋಲಿಗಳು. ಇನ್ನೊಂದರಲ್ಲಿ ದೊಡ್ಡವು, ಚಿಕ್ಕವು ಕ್ರಮವಾಗಿ ಜೋಡಿಸಿದಂಥವು. ಎರಡನ್ನೂ ಕಲಕಿ, ಮೆಲ್ಲಗೆ ಅಲುಗಾಡಿಸಿ. ಯಾವುದು ಮತ್ತೆ ಸಾಲಿಗೆ ಬರುತ್ತದೆ, ಯಾವುದು ಬರುವುದಿಲ್ಲ, ಏಕೆ ಎಂದು ಮಕ್ಕಳೇ ಹೇಳಲಿ. ಪಟ್ಟಿ ಬರೆಸುವುದು ಆಮೇಲೆ.