ಹಣ್ಣಿನ ನೊಣದ ಬೆನ್ನು ಹತ್ತಿದ ಒಬೈದ್ ಸಿದ್ದಿಕಿ

ಗಂಗಾವತಿಯ ಹಣ್ಣಿನ ಅಂಗಡಿಗಳ ಮುಂದೆ ನಿಂತವರಿಗೆಲ್ಲ ಈ ದೃಶ್ಯ ಪರಿಚಿತ. ಮಾಗಿ ಕಪ್ಪಾದ ಬಾಳೆಗೊನೆಯ ಮೇಲೆ, ಹುಳಿವಾಸನೆ ಹಿಡಿದ ಮಾವಿನ ಬುಟ್ಟಿಯ ಸುತ್ತ ಸಣ್ಣ ನೊಣಗಳ ಹಿಂಡು. ವ್ಯಾಪಾರಿ ವಸ್ತ್ರ ಬೀಸಿ ಓಡಿಸುತ್ತಾನೆ. ಕ್ಷಣ ಕಳೆಯುವುದರೊಳಗೆ ಅವು ಮತ್ತೆ ಹಾಜರು. ಮೂರು ಮಿಲಿಮೀಟರ್‌ನಷ್ಟು ಉದ್ದದ, ಯಾರ ಗಣನೆಗೂ ಬಾರದ ಈ ಜೀವಿಗಾಗಿ ಸುಮಾರು ನಾಲ್ಕು ದಶಕಗಳನ್ನು ಮೀಸಲಿಟ್ಟವರು ವಿಜ್ಞಾನಿ ಒಬೈದ್ ಸಿದ್ದಿಕಿ. ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಎಂದೇ ಹೆಸರಾದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸ್ಥಾಪಕರು ಅವರು.

ರೈತರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೊಪ್ಪಳದ ಮಾವಿನ ತೋಟಗಳಲ್ಲಿ ಹಣ್ಣಿಗೆ ಚುಚ್ಚಿ ಮೊಟ್ಟೆಯಿಟ್ಟು ಫಸಲು ಕೆಡಿಸುವ ನೊಣ ಬೇರೆ. ಅದು ಬ್ಯಾಕ್ಟ್ರೊಸೆರಾ ಕುಲದ್ದು. ಸಿದ್ದಿಕಿ ಅವರ ನೊಣ ಡ್ರೊಸೊಫಿಲಾ. ಕೊಳೆಯತೊಡಗಿದ ಹಣ್ಣಿನ ಹುದುಗಿಗೆ ಮನಸೋಲುವ ನಿರುಪದ್ರವಿ. ಮೊಟ್ಟೆ ಹತ್ತು ದಿನಗಳಲ್ಲಿ ರೆಕ್ಕೆ ಬಲಿತ ನೊಣವಾಗುತ್ತದೆ. ವಂಶತಂತುಗಳು ಕೇವಲ ನಾಲ್ಕು ಜೊತೆ. ಒಂದು ಬಾಟಲಿಯಲ್ಲಿ ನೂರಾರು ನೊಣಗಳನ್ನು ಸಾಕಬಹುದು. ಒಂದು ವರ್ಷದಲ್ಲಿ ಹತ್ತಾರು ತಲೆಮಾರುಗಳನ್ನು ಕಾಣಬಹುದಾದ ಕಾರಣ ಅನುವಂಶೀಯತೆಯನ್ನು ಅಭ್ಯಸಿಸುವವರಿಗೆ ಇದಕ್ಕಿಂತ ಅಗ್ಗದ ಒಡನಾಡಿ ಸಿಗುವುದು ಕಷ್ಟ.

ಆಲಿಕಲ್ಲು ತೋರಿದ ದಾರಿ

ಸಿದ್ದಿಕಿ ಜನಿಸಿದ್ದು 1932ರ ಜನವರಿ 7ರಂದು, ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ. ಓದಿದ್ದು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ. ವಿದ್ಯಾರ್ಥಿ ದೆಸೆಯಲ್ಲಿ ಎಡಪಂಥೀಯ ಚಳವಳಿಗೆ ಧುಮುಕಿ ಸೆರೆಮನೆಯನ್ನೂ ಕಂಡರು. ಹೊರಬಂದ ಬಳಿಕ ಅವರ ಮನಸ್ಸು ಸಸ್ಯವಿಜ್ಞಾನದತ್ತ ಹೊರಳಿತು.

ದೆಹಲಿಯಲ್ಲಿ ಗೋಧಿಯ ತಳಿಶಾಸ್ತ್ರದಲ್ಲಿ ತೊಡಗಿದ್ದಾಗ ವಿಧಿ ಅಡ್ಡ ಬಂತು. ಪ್ರಯೋಗಕ್ಕೆಂದು ಬೆಳೆಸಿದ್ದ ಗೋಧಿಯನ್ನು ಆಲಿಕಲ್ಲು ಮಳೆ ನೆಲಕ್ಕೆ ಒರಗಿಸಿತು. ಕೊಯ್ಲಿನ ಹೊತ್ತಿಗೆ ಆಲಿಕಲ್ಲಿಗೆ ಭತ್ತ ಕಳೆದುಕೊಳ್ಳುವ ಗಂಗಾವತಿ ಸೀಮೆಯ ರೈತರಿಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಬೆಳೆಯೊಂದಿಗೆ ಸಂಶೋಧನೆಯೂ ಕೈಬಿಟ್ಟಿತು. ಮುಂದಿನ ಹಂಗಾಮಿಗೆ ಕಾಯದೆ ಅವರು ಸ್ಕಾಟ್ಲೆಂಡಿನ ಗ್ಲಾಸ್ಗೊಗೆ ತೆರಳಿದರು. ಅಲ್ಲಿ ಗೈಡೊ ಪಾಂಟೆಕೊರ್ವೊ ಅವರ ಮಾರ್ಗದರ್ಶನದಲ್ಲಿ ಬೂಷ್ಟಿನ ತಳಿಗಳನ್ನು ಅಭ್ಯಸಿಸಿ ಡಾಕ್ಟರೇಟ್ ಪಡೆದರು. ಮಳೆ ಬಿಸಿಲಿನ ಹಂಗಿಲ್ಲದೆ ಗಾಜಿನ ತಟ್ಟೆಯಲ್ಲಿ ಬೆಳೆಯುವ ಬೆಳೆ ಅದು.

ಅನಂತರ ಅಮೆರಿಕದಲ್ಲಿ ಆ್ಯಲನ್ ಗ್ಯಾರೆನ್ ಅವರ ಜೊತೆಗೂಡಿ ಬ್ಯಾಕ್ಟೀರಿಯಾಗಳ ಮೇಲೆ ನಡೆಸಿದ ಕೆಲಸ 1962ರಲ್ಲಿ ಪ್ರಕಟವಾಯಿತು. ವಂಶವಾಹಿಯ ಸಂದೇಶದ ನಡುವೆ ಅರ್ಥವಿಲ್ಲದ ಪದವೊಂದು ನುಸುಳಿದರೆ ಪ್ರೋಟೀನಿನ ತಯಾರಿಕೆ ಅಲ್ಲಿಗೇ ನಿಂತುಬಿಡುತ್ತದೆ. ಅಂತಹ ತಡೆಯನ್ನು ದಾಟಬಲ್ಲ ತಳಿಗಳೂ ಉಂಟೆಂಬುದನ್ನು ಈ ಇಬ್ಬರು ತೋರಿಸಿದರು. ವಂಶವಾಹಿಯ ಲಿಪಿಯಲ್ಲಿ ಪೂರ್ಣವಿರಾಮದ ಚಿಹ್ನೆಗಳಿವೆ ಎಂಬ ಅರಿವಿಗೆ ಇದು ದಾರಿ ಮಾಡಿತು.

ಭಾಭಾ ಕರೆಗೆ ಓಗೊಟ್ಟು

ಭೌತವಿಜ್ಞಾನಿ ಲಿಯೊ ಜಿಲಾರ್ಡ್ ಈ ತರುಣನ ಬಗ್ಗೆ ಹೋಮಿ ಭಾಭಾ ಅವರಿಗೆ ಶಿಫಾರಸು ಮಾಡಿದರು. ಭಾಭಾ ಕರೆದರು. 1962ರಲ್ಲಿ ಸಿದ್ದಿಕಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದು ಅಣುಜೀವವಿಜ್ಞಾನ ಘಟಕವನ್ನು ಕಟ್ಟಿದರು. ಭೌತವಿಜ್ಞಾನಿಗಳೂ ಗಣಿತಜ್ಞರೂ ತುಂಬಿದ್ದ ಸಂಸ್ಥೆಯಲ್ಲಿ ಜೀವವಿಜ್ಞಾನಕ್ಕೆ ಜಾಗ ದೊರೆತದ್ದು ಹೀಗೆ.

ನೊಣ ಅವರ ಬದುಕನ್ನು ಪ್ರವೇಶಿಸಿದ್ದು 1970ರ ದಶಕದಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಸೀಮೋರ್ ಬೆಂಜರ್ ಜೊತೆ ಅವರು ವಿಚಿತ್ರ ನೊಣಗಳನ್ನು ಪರೀಕ್ಷಿಸಿದರು. ಸಾಮಾನ್ಯ ಉಷ್ಣತೆಯಲ್ಲಿ ಆರಾಮವಾಗಿ ಓಡಾಡುವ ಈ ನೊಣಗಳು ಬಿಸಿ ಏರಿದೊಡನೆ ಲಕ್ವ ಹೊಡೆದಂತೆ ಬೀಳುತ್ತಿದ್ದವು. ತಂಪಾದರೆ ಏನೂ ಆಗಿಲ್ಲವೆಂಬಂತೆ ಏಳುತ್ತಿದ್ದವು. ಒಂದೇ ಒಂದು ವಂಶವಾಹಿಯ ದೋಷ ನರಗಳ ಸಂದೇಶವನ್ನೇ ಕಡಿದುಹಾಕುತ್ತಿತ್ತು. ವಂಶವಾಹಿಯಿಂದ ನರಕ್ಕೆ, ನರದಿಂದ ನಡವಳಿಕೆಗೆ ಹೋಗುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಗುರುತಿಸಬಹುದೆಂಬ ವಿಶ್ವಾಸವನ್ನು 1976ರ ಆ ಪ್ರಬಂಧ ಮೂಡಿಸಿತು.

ಮುಂಬಯಿಗೆ ಮರಳಿದ ಬಳಿಕ ಅವರು ಹಿಡಿದದ್ದು ರುಚಿ ಮತ್ತು ವಾಸನೆಯ ಪ್ರಶ್ನೆ. ಕೀನ್ಯಾದಲ್ಲಿ ಹುಟ್ಟಿ ಬೆಳೆದ ಗೋವಾ ಮೂಲದ ವೆರೊನಿಕಾ ರಾಡ್ರಿಗಸ್ ಪತ್ರ ಬರೆದು ಅವರ ವಿದ್ಯಾರ್ಥಿನಿಯಾಗಿ ಸೇರಿದರು. ಕಹಿಯನ್ನು ಕಹಿಯೆಂದು ಗುರುತಿಸದ, ವಾಸನೆಗೆ ಮೂಗೊಡ್ಡದ ನೊಣಗಳನ್ನು ಗುರುಶಿಷ್ಯರು ಸಾವಿರಾರು ನೊಣಗಳ ನಡುವಿನಿಂದ ಆರಿಸಿ ತೆಗೆದರು. 1978ರಲ್ಲಿ ಅವರ ಸಂಶೋಧನೆ ಬೆಳಕು ಕಂಡದ್ದು ಭಾರತೀಯ ನಿಯತಕಾಲಿಕದಲ್ಲಿಯೇ.

ಬೆಂಗಳೂರಿನ ಹೊಸ ಮನೆ

ಜೀವವಿಜ್ಞಾನಕ್ಕೆ ಸ್ವತಂತ್ರ ಕೇಂದ್ರವೊಂದು ಬೇಕೆಂಬುದು ಸಿದ್ದಿಕಿ ಅವರ ಬಹುಕಾಲದ ಹಂಬಲ. ಅದು ಕೈಗೂಡಿದ್ದು 1990ರ ದಶಕದ ಆರಂಭದಲ್ಲಿ, ಬೆಂಗಳೂರಿನಲ್ಲಿ. ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಆಶ್ರಯ ಪಡೆದ ಎನ್‌ಸಿಬಿಎಸ್, ಬಳಿಕ ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನೆಲೆ ನಿಂತಿತು. ಆಲಿಕಲ್ಲಿಗೆ ಹೊಲ ಕಳೆದುಕೊಂಡವರ ಕನಸಿನ ಕೇಂದ್ರ ಕೊನೆಗೂ ಹೊಲಗಳ ಮಗ್ಗುಲಿಗೇ ಬಂದು ನಿಂತದ್ದು ಕಾಕತಾಳೀಯ.

ಅಲ್ಲಿ ಬೆಳೆದ ಕೆಲಸಗಳಲ್ಲೊಂದು ಹಾರ್ಮೋನು ಸ್ರವಿಸುವ ನರಕೋಶಗಳದ್ದು. ಸಾಮಾನ್ಯ ನರಕೋಶ ತನ್ನ ನೆರೆಯ ಕೋಶದ ಕಿವಿಯಲ್ಲಿ ಪಿಸುಗುಡುತ್ತದೆ; ಈ ಕೋಶಗಳಾದರೋ ಇಡೀ ದೇಹಕ್ಕೆ ಡಂಗುರ ಸಾರುತ್ತವೆ. ನೊಣದ ಮಿದುಳಿನ ಎಡಬಲಗಳಲ್ಲಿ ಏಳೇಳರಂತೆ 14 ಕೋಶಗಳು ಇನ್ಸುಲಿನ್ ಹೋಲುವ ಹಾರ್ಮೋನು ಸುರಿಸುತ್ತವೆ. ಅವನ್ನು ನಾಶಪಡಿಸಿದರೆ ನೊಣ ಕುಬ್ಜವಾಗುತ್ತದೆ, ಅದರ ದೇಹದ್ರವದಲ್ಲಿ ಸಕ್ಕರೆ ಏರುತ್ತದೆ. ಇದು 2002ರಲ್ಲಿ ಅಮೆರಿಕದಲ್ಲಿ ಸಿದ್ಧಪಟ್ಟ ಸಂಗತಿ.

ಎಲ್ಲ ನರಕೋಶಗಳಲ್ಲಿಯೂ ಒಂದೇ ವಂಶವಾಹಿಗಳ ಗಂಟು ಇರುವಾಗ ಕೆಲವು ಮಾತ್ರ ಈ ಕಸುಬು ಹಿಡಿಯುವುದೇಕೆ? 2003ರಲ್ಲಿ ಪಾಲ್ ತಾಘರ್ಟ್ ಮತ್ತು ಸಂಗಡಿಗರು ವರದಿ ಮಾಡಿದ ಡಿಮ್ಡ್ ಎಂಬ ವಂಶವಾಹಿ ಇದಕ್ಕೆ ಉತ್ತರದ ಒಂದು ಭಾಗ. ಹಾರ್ಮೋನನ್ನು ತಯಾರಿಸಿ, ಕಟ್ಟಿ, ದಾಸ್ತಾನು ಮಾಡಲು ಬೇಕಾದ ಇತರ ವಂಶವಾಹಿಗಳನ್ನು ಎಬ್ಬಿಸುವ ಮೇಸ್ತ್ರಿ ಅದು.

ಸಿದ್ದಿಕಿ ಕಟ್ಟಿದ ಮುಂಬಯಿ ಘಟಕದಿಂದ ಎನ್‌ಸಿಬಿಎಸ್‌ಗೆ ಬಂದ ಗೈತಿ ಹಸನ್ ಅವರ ತಂಡ ಇದೇ ಕೋಶಗಳನ್ನು ಹಸಿವಿನ ಕಡೆಯಿಂದ ನೋಡಿತು. ನರಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಬಿಡಿಸುವ ಒಂದು ಬಾಗಿಲು ಸಡಿಲವಾದರೆ, ಕಳಪೆ ಆಹಾರ ತಿಂದ ಮರಿಹುಳುಗಳಲ್ಲಿ ಬದುಕುಳಿಯುವವು ಕಡಿಮೆಯಾಗುತ್ತವೆ. ಬರಗಾಲದ ಹೊತ್ತಿಗೂ ಈ ಕೋಶಗಳಲ್ಲಿ ಪ್ರೋಟೀನು ತಯಾರಿಕೆ ನಡೆಯುತ್ತಿರಲು ಆ ಬಾಗಿಲು ಅಗತ್ಯವೆಂದು 2017ರಲ್ಲಿ ಪ್ರಕಟವಾದ ಈ ಕೆಲಸ ತೋರಿಸಿತು. ಈ ಪ್ರಯೋಗ ಸಿದ್ದಿಕಿ ಅವರದ್ದಲ್ಲ. ಆದರೆ ವಂಶವಾಹಿಯ ಜಾಡು ಹಿಡಿದು ನರಕೋಶದ ಮೂಲಕ ಬದುಕನ್ನು ತಲಪುವ ಆ ದಾರಿ ಅವರು ತುಳಿದದ್ದೇ.

ಕೊನೆಯವರೆಗೂ ಪ್ರಯೋಗಾಲಯ

1984ರಲ್ಲಿ ರಾಯಲ್ ಸೊಸೈಟಿಯ ಫೆಲೊ ಗೌರವ ಮತ್ತು ಪದ್ಮಭೂಷಣ, 2006ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂದವು. ನಿರ್ದೇಶಕ ಹುದ್ದೆಯಿಂದ ಇಳಿದ ಮೇಲೂ ಸಿದ್ದಿಕಿ ಪ್ರಯೋಗಾಲಯ ಬಿಡಲಿಲ್ಲ. ಎಂಬತ್ತು ದಾಟಿದ ವಯಸ್ಸಿನಲ್ಲಿಯೂ ನೊಣಗಳು ವಾಸನೆಯನ್ನು ನೆನಪಿಡುವ ಬಗೆಯನ್ನು ಪರೀಕ್ಷಿಸುತ್ತಿದ್ದರು. ಬಿಡುವಿನಲ್ಲಿ ಸರೋದ್ ಅವರ ಜೊತೆಗಾರ.

2010ರಲ್ಲಿ ಶಿಷ್ಯೆ ವೆರೊನಿಕಾ ಅವರನ್ನು ಕಳೆದುಕೊಂಡರು. 2013ರ ಜುಲೈನಲ್ಲಿ ಬೆಂಗಳೂರಿನಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕ ಸಿದ್ದಿಕಿ ಅದೇ ತಿಂಗಳ 26ರಂದು ಕೊನೆಯುಸಿರೆಳೆದರು. ಆಗ ಅವರಿಗೆ 81 ವರ್ಷ.

ನೊಣದ ಅಧ್ಯಯನದಿಂದ ಜನರಿಗೇನು ಲಾಭ ಎಂಬ ಪ್ರಶ್ನೆ ಇಂತಹ ವಿಜ್ಞಾನವನ್ನು ಸದಾ ಬೆಂಬತ್ತುತ್ತದೆ. ಮನುಷ್ಯನ ಮಿದುಳಿನಲ್ಲಿಯೂ ಹಾರ್ಮೋನು ಸ್ರವಿಸುವ ನರಕೋಶಗಳಿವೆ. ಹಸಿವು, ಬೆಳವಣಿಗೆ, ಬಾಯಾರಿಕೆಗಳ ಲೆಕ್ಕ ಇಡುವುದು ಅವೇ. ಕುಷ್ಟಗಿ, ಯಲಬುರ್ಗಾದಂತಹ ಬರ ಕಂಡ ಸೀಮೆಗಳಲ್ಲಿ ಹಸಿದ ದೇಹ ಹೇಗೆ ಬೆಳೆಯುತ್ತದೆಂಬ ಪ್ರಶ್ನೆ ಪುಸ್ತಕದ ಪ್ರಶ್ನೆಯಷ್ಟೇ ಆಗಿರಲಾರದು. ಅದಕ್ಕೆ ಉತ್ತರದ ಒಂದು ಎಳೆ, ನಾವು ದಿನವೂ ವಸ್ತ್ರ ಬೀಸಿ ಓಡಿಸುವ ಆ ನೊಣದಲ್ಲಿದೆ.