ಗ್ರೀಕರ ರುದ್ರನಾಟಕವನ್ನು ಕನ್ನಡಕ್ಕೆ ತಂದ ಶ್ರೀಕಂಠಯ್ಯನವರು

ನ್ಯೂಮನ್ ಎಂಬ ಆಂಗ್ಲ ಧರ್ಮೋಪದೇಶಕರು 1833ರಲ್ಲಿ ಸಮುದ್ರಯಾನ ಮಾಡುತ್ತಿದ್ದಾಗ ರಚಿಸಿದ ಬೆಳಕಿನ ಪ್ರಾರ್ಥನಾಗೀತವನ್ನು ಕನ್ನಡನಾಡಿನ ಅನೇಕ ಶಾಲೆಗಳಲ್ಲಿ ಕನ್ನಡದಲ್ಲಿಯೇ ಹಾಡುವರು. ಅದನ್ನು ಕನ್ನಡಿಸಿದವರು ಪ್ರೊಫೆಸರ್ ಬಿ. ಎಂ. ಶ್ರೀಕಂಠಯ್ಯನವರೆಂಬುದನ್ನು ಈ ಸಂಚಿಕೆಯ ವಾಚಕರಲ್ಲಿ ಬಹುಮಂದಿ ಬಲ್ಲರು. ಆದರೆ ಆ ಮಹನೀಯರು 2,400 ವರ್ಷಗಳಿಗೂ ಹಿಂದಿನ ಗ್ರೀಕ್ ನಾಟಕಗಳನ್ನು ಸಹ ಕನ್ನಡಿಗರಿಗೆ ಕೊಟ್ಟುಹೋದರೆಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಪರಭಾಷೆಯಲ್ಲಿ ಕಲಿತವರು ತಮ್ಮ ನುಡಿಗೆ ಏನನ್ನು ಸಲ್ಲಿಸಬೇಕೆಂಬುದಕ್ಕೆ ಅವರ ಬಾಳು ಒಂದು ದೃಷ್ಟಾಂತವಾಗಿರುವುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ಬರೆಯಲಾಗಿದೆ.

ಶ್ರೀಕಂಠಯ್ಯನವರು 1884ನೆಯ ಇಸವಿ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆ ಎಂಬ ಗ್ರಾಮದಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ಅವರ ಮನೆತನವು ಬೆಳ್ಳೂರಿನದು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ಬಾಲಕನು ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರುಗಳಲ್ಲಿ ಓದಿ, ತರುವಾಯ ಮದ್ರಾಸಿನಲ್ಲಿ ನ್ಯಾಯಶಾಸ್ತ್ರದ ಪದವಿಯನ್ನೂ ಎಂ. ಎ. ಪದವಿಯನ್ನೂ ಪಡೆದನು. ವಕೀಲಿಯನ್ನು ಹಿಡಿಯದೆ ಅಧ್ಯಾಪಕವೃತ್ತಿಯನ್ನು ಆರಿಸಿಕೊಂಡು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಹುಕಾಲ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದರು. ತೀ. ನಂ. ಶ್ರೀಕಂಠಯ್ಯ, ಕುವೆಂಪು ಮೊದಲಾದವರು ಅವರ ಶಿಷ್ಯವರ್ಗಕ್ಕೆ ಸೇರಿದವರು.

ಆ ಕಾಲದಲ್ಲಿ ಇಂಗ್ಲಿಷ್ ಕಲಿತ ಕನ್ನಡಿಗರಲ್ಲಿ ಅನೇಕರು ತಾಯ್ನುಡಿಯನ್ನು ಅಡುಗೆಮನೆಯ ಮಾತೆಂದು ಎಣಿಸುತ್ತಿದ್ದರು. ಇಂಗ್ಲಿಷನ್ನೇ ಬೋಧಿಸುತ್ತಿದ್ದ ಈ ತರುಣ ಅಧ್ಯಾಪಕರಾದರೋ 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಹೋಗಿ, ಕನ್ನಡವು ತಲೆಯೆತ್ತುವ ಬಗೆ ಯಾವುದೆಂಬುದನ್ನು ಕುರಿತು ಉಪನ್ಯಾಸಮಾಡಿದರು. ನಮ್ಮ ಕರಾವಳಿಯಲ್ಲಿಯೂ ಅದೇ ಸುಮಾರಿಗೆ ಪಂಜೆ ಮಂಗೇಶರಾಯರು, ಗೋವಿಂದ ಪೈಗಳು ಹೊಸ ಬಗೆಯ ಪದ್ಯಗಳನ್ನು ಬರೆಯತೊಡಗಿದ್ದರು. 1926ರಲ್ಲಿ ಶ್ರೀಕಂಠಯ್ಯನವರ ಇಂಗ್ಲಿಷ್ ಗೀತಗಳು ಎಂಬ ಪುಸ್ತಕವು ಪ್ರಕಟವಾಯಿತು. 1928ರಲ್ಲಿ ಕಲಬುರ್ಗಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು.

ಕಲಬುರ್ಗಿಯು ಆಗ ನಿಜಾಮರ ಸೀಮೆಯಲ್ಲಿತ್ತು. ಧಾರವಾಡವು ಮುಂಬಯಿ ಪ್ರಾಂತಕ್ಕೂ, ನಮ್ಮ ಮಂಗಳೂರು ಮದ್ರಾಸು ಪ್ರಾಂತಕ್ಕೂ ಸೇರಿದ್ದವು, ಮೈಸೂರು ಒಡೆಯರ ಆಳ್ವಿಕೆಯಲ್ಲಿತ್ತು, ಕೊಡಗು ಪ್ರತ್ಯೇಕವಾಗಿತ್ತು. 1956ರವರೆಗೆ ಕನ್ನಡಿಗರನ್ನು ಒಂದುಗೂಡಿಸುತ್ತಿದ್ದುದು ಭಾಷೆಯಲ್ಲದೆ ಸರಕಾರವಲ್ಲ. ಪ್ರಾಚೀನ ಗ್ರೀಕರ ಸ್ಥಿತಿಯೂ ಇದನ್ನೇ ಹೋಲುತ್ತಿತ್ತು. ಆಥೆನ್ಸ್, ಸ್ಪಾರ್ಟಾ, ಕೊರಿಂಥ್, ಥೀಬ್ಸ್ ಮೊದಲಾದ ಪಟ್ಟಣಗಳು ಒಂದೊಂದೂ ಸ್ವತಂತ್ರ ರಾಜ್ಯವಾಗಿದ್ದು, ಆಗಾಗ ತಮ್ಮತಮ್ಮೊಳಗೆ ಯುದ್ಧವನ್ನೂ ಮಾಡುತ್ತಿದ್ದವು. ಆದಾಗ್ಯೂ ಒಂದೇ ನುಡಿ, ಹೋಮರನ ಕಾವ್ಯಗಳು, ಒಲಿಂಪಿಯಾದಲ್ಲಿ ನಾಲ್ಕು ವರ್ಷಗಳಿಗೊಮ್ಮೆ ನೆರೆಯುವ ಉತ್ಸವ, ಇವುಗಳಿಂದ ಅವರು ತಾವೆಲ್ಲರೂ ಒಂದೇ ಜನವೆಂದು ತಿಳಿದಿದ್ದರು.

ಆಥೆನ್ಸ್ ಪಟ್ಟಣದಲ್ಲಿ ನಾಟಕವು ಊರಿನ ಸಾರ್ವಜನಿಕ ಕಾರ್ಯವಾಗಿತ್ತು. ವಸಂತಕಾಲದ ಉತ್ಸವದಲ್ಲಿ ಕೋಟೆಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ, ಬಯಲಿನಲ್ಲಿಯೇ, ಸಾವಿರಾರು ಮಂದಿ ಕುಳಿತು ನೋಡುತ್ತಿದ್ದರು. ಕವಿಗಳೊಳಗೆ ಸ್ಪರ್ಧೆ ನಡೆಯುತ್ತಿತ್ತು. ಹಾಡಿ ಕುಣಿಯುವ ಮೇಳದ ವೆಚ್ಚವನ್ನು ಧನಿಕನಾದ ಒಬ್ಬ ಪೌರನು ವಹಿಸುತ್ತಿದ್ದನು. ಸ್ತ್ರೀಪಾತ್ರಗಳನ್ನೂ ಗಂಡಸರೇ ಮೊಗವಾಡ ಧರಿಸಿ ಅಭಿನಯಿಸುತ್ತಿದ್ದರು. ಬಯಲಾಟವನ್ನು ಕಂಡು ಬೆಳೆದ ನಮ್ಮ ಜಿಲ್ಲೆಯವರಿಗೆ ಇಂತಹ ರಂಗವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ.

ಅಲ್ಲಿಯ ಗಂಭೀರ ನಾಟಕವನ್ನು ಶ್ರೀಕಂಠಯ್ಯನವರು ರುದ್ರನಾಟಕವೆಂದು ಕರೆದು, 1929ರಲ್ಲಿ ಅಶ್ವತ್ಥಾಮನ್ ಎಂಬ ಕೃತಿಯನ್ನು ರಚಿಸಿದರು. ಅದಕ್ಕೆ ಮೂಲವು ಸೊಫೊಕ್ಲೀಸ್ ಕವಿಯ ಏಜಾಕ್ಸ್ ನಾಟಕ. ತನಗೆ ಸಲ್ಲಬೇಕಾದ ಗೌರವವು ಒಡಿಸ್ಸಿಯಸನ ಪಾಲಾಯಿತೆಂದು ಕೆರಳಿದ ವೀರ ಏಜಾಕ್ಸನು ಉನ್ಮಾದದಲ್ಲಿ ದನಕುರಿಗಳನ್ನು ಶತ್ರುಗಳೆಂದು ಭಾವಿಸಿ ಕಡಿದುಹಾಕಿ, ಬುದ್ಧಿ ತಿಳಿದ ಮೇಲೆ ನಾಚಿ, ಕತ್ತಿಯ ಮೇಲೆ ಬಿದ್ದು ಸಾಯುವನು. ಸೇನಾನಾಯಕರು ಶವಸಂಸ್ಕಾರಕ್ಕೂ ಅಡ್ಡಿಪಡಿಸಲು, ಅವನ ವೈರಿಯಾದ ಒಡಿಸ್ಸಿಯಸನೇ ಮುಂದೆ ಬಂದು, ಸತ್ತವನಿಗೆ ಸಲ್ಲತಕ್ಕ ಮರ್ಯಾದೆಯನ್ನು ಸಲ್ಲಿಸಬೇಕೆಂದು ವಾದಿಸಿ ಗೆಲ್ಲುವನು. ಏಜಾಕ್ಸನ ಹೆಸರನ್ನು ಕೇಳದವರಿಗೂ ಅಶ್ವತ್ಥಾಮನು ಪರಿಚಿತನಷ್ಟೆ. ಆದರೆ ಚಿರಂಜೀವಿಯೆಂದು ಪ್ರಸಿದ್ಧನಾದವನಿಗೆ ಈ ನಾಟಕದಲ್ಲಿ ಮರಣವು ಒದಗುವುದರಿಂದ ಆಕ್ಷೇಪಿಸಿದವರೂ ಉಂಟು.

1935ರಲ್ಲಿ ಅವರು ಈಸ್ಕಿಲಸನ ನಾಟಕವನ್ನು ಪಾರಸಿಕರು ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಇದರ ಹಿನ್ನೆಲೆಯನ್ನು ವಾಚಕರು ತುಸು ಮನಸ್ಸಿಟ್ಟು ನೋಡಬೇಕು. ಕ್ರಿ. ಪೂ. 480ರಲ್ಲಿ ಪಾರಸಿಕ ದೊರೆ ಕ್ಸೆರ್ಕ್ಸೀಸನು ದಂಡೆತ್ತಿ ಬಂದು ಆಥೆನ್ಸನ್ನು ಸುಟ್ಟನು. ಅದೇ ವರ್ಷ ಸಲಾಮಿಸ್ ಎಂಬಲ್ಲಿ ಗ್ರೀಕರು ಅವನ ನೌಕಾಬಲವನ್ನು ಮುರಿದರು. ಎಂಟು ವರ್ಷಗಳ ಬಳಿಕ, ಕ್ರಿ. ಪೂ. 472ರಲ್ಲಿ, ಈಸ್ಕಿಲಸನು ಈ ಕಥೆಯನ್ನು ಆಡಿಸಿದನು. ಆತನು ಕ್ರಿ. ಪೂ. 490ರ ಮ್ಯಾರಥಾನ್ ಕದನದಲ್ಲಿ ಸ್ವತಃ ಹೋರಾಡಿದವನು. ಅವನ ಸಹೋದರನು ಅಲ್ಲಿಯೇ ಮಡಿದಿದ್ದನು. ಆದರೂ ಅವನ ನಾಟಕದಲ್ಲಿ ಗೆದ್ದವರ ಮೆರವಣಿಗೆಯಿಲ್ಲ. ರಂಗವು ಪಾರಸಿಕರ ರಾಜಧಾನಿ. ಅಲ್ಲಿ ಮಗನ ವಾರ್ತೆಗಾಗಿ ಕಾದಿರುವ ರಾಜಮಾತೆ ಮತ್ತು ಮಡಿದವರ ಹೆಸರುಗಳನ್ನು ಕೇಳಿ ಗೋಳಿಡುವ ವೃದ್ಧರು. ತಮ್ಮ ಮನೆಗಳನ್ನು ಸುಟ್ಟವರ ತಾಯಂದಿರ ದುಃಖವನ್ನು ಆಥೆನ್ಸಿನವರು ಕುಳಿತು ನೋಡಿ, ಆ ಕವಿಗೆ ಪ್ರಥಮ ಬಹುಮಾನವನ್ನು ಕೊಟ್ಟರು. ಬಿದ್ದ ವೈರಿಯೂ ಮನುಷ್ಯನೆಂಬ ಈ ಅರಿವೇ ಶ್ರೀಕಂಠಯ್ಯನವರು ಆರಿಸಿಕೊಂಡ ಎರಡು ನಾಟಕಗಳ ತಿರುಳು.

ಇಷ್ಟರಿಂದ ಆಥೆನ್ಸ್ ದೋಷರಹಿತವಾಗಿತ್ತೆಂದು ತಿಳಿಯಬಾರದು. ಅಲ್ಲಿಯ ಪ್ರಜಾಸಭೆಯಲ್ಲಿ ಸ್ತ್ರೀಯರಿಗೂ ದಾಸರಿಗೂ ಮತವಿರಲಿಲ್ಲ. ಗಂಡುಮಕ್ಕಳು ಗುರುಗಳಲ್ಲಿ ಓದುತ್ತಿದ್ದಾಗ ಹೆಣ್ಣುಮಕ್ಕಳು ಸಾಮಾನ್ಯವಾಗಿ ಮನೆಯಲ್ಲಿ ನೂಲುವುದನ್ನೂ ನೇಯುವುದನ್ನೂ ಕಲಿಯುತ್ತಿದ್ದರು. ರಾಜಮಾತೆಯ ದುಃಖಕ್ಕೆ ಅಷ್ಟು ಉದಾತ್ತವಾದ ಮಾತುಗಳನ್ನು ಕೊಟ್ಟ ಪಟ್ಟಣವು ತನ್ನ ಹೆಣ್ಣುಮಕ್ಕಳಿಗೆ ಶಾಲೆಯನ್ನು ಕೊಡಲಿಲ್ಲವೆಂಬುದನ್ನು, ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯೊಂದು ಹೇಳದೆ ಬಿಡುವುದು ಯುಕ್ತವಲ್ಲ. ಅಲ್ಲಿಯ ಮಹಾಕವಿಗಳ ಕೃತಿಗಳು ಇಂದು ನಮ್ಮ ಹುಡುಗಿಯರ ಕೈಗೆ, ಅದೂ ಕನ್ನಡದಲ್ಲಿ, ಬಂದಿರುವುದು ಸಣ್ಣ ಸಂಗತಿಯಲ್ಲ.

1938ರಲ್ಲಿ ಮೈಸೂರು ಮಹಾರಾಜರು ಶ್ರೀಕಂಠಯ್ಯನವರಿಗೆ ರಾಜಸೇವಾಸಕ್ತ ಎಂಬ ಬಿರುದನ್ನು ಕೊಟ್ಟರು. ಅದೇ ವರ್ಷದಿಂದ 1942ರವರೆಗೆ ಅವರು ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ದುಡಿದರು. ಸರಕಾರಿ ಸೇವೆಯಿಂದ ನಿವೃತ್ತರಾದ ಮೇಲೂ ವಿಶ್ರಾಂತಿಯನ್ನು ಬಯಸದೆ, 1944ರಲ್ಲಿ ಧಾರವಾಡದಲ್ಲಿ ಹೊಸದಾಗಿ ಸ್ಥಾಪಿತವಾದ ಕಾಲೇಜಿಗೆ ಪ್ರಥಮ ಪ್ರಿನ್ಸಿಪಾಲರಾಗಿ ಹೋದರು. ತರುಣರಾಗಿದ್ದಾಗ ಕನ್ನಡದ ಪರವಾಗಿ ಮಾತಾಡಿದ ಆ ಊರಿನಲ್ಲಿಯೇ 1946ನೆಯ ಇಸವಿ ಜನವರಿ 5ರಂದು, 62ರ ಪ್ರಾಯದಲ್ಲಿ, ಅವರ ಜೀವಿತವು ಮುಗಿಯಿತು.

ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ವೈದ್ಯೆಯರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವರು. ಅವರು ಕಲಿತ ಶಾಸ್ತ್ರಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇವೆ. ಮನೆಮಾತು ಕನ್ನಡವಾಗಿರಲಿ, ತುಳುವಾಗಿರಲಿ, ಕೊಂಕಣಿಯಾಗಿರಲಿ, ಬ್ಯಾರಿಯಾಗಿರಲಿ, ತಾವು ಕಲಿತುದನ್ನು ಅಜ್ಜಿಗೂ ನೆರೆಮನೆಯ ಮಗುವಿಗೂ ತಿಳಿಯುವಂತೆ ಆ ಮಾತಿನಲ್ಲಿ ಹೇಳುವುದು ಅವರಿಂದ ಆಗತಕ್ಕ ಸೇವೆ. ಹೆತ್ತವರಲ್ಲಿ ನಮ್ಮ ಬಿನ್ನಹವೊಂದಿದೆ: ಈ ರಜೆಯಲ್ಲಿ ಮಕ್ಕಳಿಂದ ಪಾರಸಿಕರು ನಾಟಕದ ಕೆಲವು ಪುಟಗಳನ್ನು ಗಟ್ಟಿಯಾಗಿ ಓದಿಸಿ, ಮನೆಯವರೆಲ್ಲರೂ ಕುಳಿತು ಕೇಳಿರಿ.