ಸಾಕ್ರಟೀಸನ ಪ್ರಶ್ನೆ, ಮೂರ್ತಿರಾಯರ ಉತ್ತರ

ನಮ್ಮ ಹಲಕುಂದಿಯಂತಹ ಊರುಗಳಲ್ಲಿ ಜಾತ್ರೆಗೆ ಪಟ್ಟಿ ಎಷ್ಟು ಎಂದು ಕೇಳುವವರುಂಟು. ದೇವರು ಇದ್ದಾನೆಯೇ ಎಂದು ಕೇಳುವವರು ವಿರಳ. ಕನ್ನಡದಲ್ಲಿ ಆ ಪ್ರಶ್ನೆಯನ್ನು ಸೌಜನ್ಯ ಬಿಡದೆ ಕೇಳಿದವರು ಎ.ಎನ್. ಮೂರ್ತಿರಾವ್. ದೇವರನ್ನು ನಂಬುವ ನನಗೆ ಅವರ ಬದುಕು ಆದರ್ಶವೂ ಹೌದು, ಸವಾಲೂ ಹೌದು.

ಇಂದಿನ ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಜನಿಸಿದ ರಾಯರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ‘ಹಗಲುಗನಸುಗಳು’ ಅವರಿಗೆ ಪ್ರಬಂಧಕಾರರೆಂಬ ಕೀರ್ತಿ ತಂದಿತು. ಮೋಲಿಯೇರನ ನಾಟಕವನ್ನು ‘ಆಷಾಢಭೂತಿ’ಯಾಗಿ ರೂಪಾಂತರಿಸಿ, ಕಪಟ ಭಕ್ತಿಯ ಮುಖವಾಡವನ್ನು ನಗುನಗುತ್ತಲೇ ಕಳಚಿದರು. ‘ಸಾಕ್ರಟೀಸನ ಕೊನೆಯ ದಿನಗಳು’ ಕೃತಿಯ ಮೂಲಕ ಅಥೆನ್ಸಿನ ಆ ಜ್ಞಾನಿಯನ್ನು ಕನ್ನಡಕ್ಕೆ ಕರೆತಂದರು.

ಸಾಕ್ರಟೀಸ್ ನಾಸ್ತಿಕನಲ್ಲ. ದೈವ ಕೇಡು ಮಾಡಲಾರದೆಂದು ನಂಬಿದವನು. ತಪ್ಪು ಹೆಜ್ಜೆಯಿಡುವಾಗ ತಡೆಯುವ ದೈವೀ ದನಿಯೊಂದು ತನಗೆ ಕೇಳಿಸುತ್ತದೆ ಎನ್ನುತ್ತಿದ್ದವನು. ಆದರೆ ದೇವರು ಮೆಚ್ಚಿದ್ದರಿಂದ ಧರ್ಮವು ಧರ್ಮವಾಯಿತೇ, ಧರ್ಮವಾದ್ದರಿಂದ ದೇವರು ಅದನ್ನು ಮೆಚ್ಚಿದನೇ ಎಂಬ ಅವನ ಪ್ರಶ್ನೆ ಎಲ್ಲ ಬಲ್ಲೆವೆಂಬವರನ್ನು ತಬ್ಬಿಬ್ಬುಗೊಳಿಸಿತು. ನಗರದ ದೇವತೆಗಳನ್ನು ಮನ್ನಿಸುವುದಿಲ್ಲ, ಯುವಕರನ್ನು ಕೆಡಿಸುತ್ತಾನೆ ಎಂಬ ಆರೋಪ ಹೊರಿಸಿ ಕ್ರಿ.ಪೂ. 399ರಲ್ಲಿ ಅವನಿಗೆ ವಿಷ ಕುಡಿಸಲಾಯಿತು.

ರಾಯರು ಇನ್ನೂ ಮುಂದೆ ಹೋದರು. ವಯಸ್ಸಾದಂತೆ ಮನಸ್ಸು ದೇವರತ್ತ ವಾಲುತ್ತದೆ ಎಂಬುದು ಲೋಕದ ಮಾತು. ಅವರಾದರೋ ತೊಂಬತ್ತು ದಾಟಿದ ಮೇಲೆ, 1991ರಲ್ಲಿ, ‘ದೇವರು’ ಪ್ರಕಟಿಸಿದರು. ಲೋಕದಲ್ಲಿ ಇಷ್ಟು ನೋವಿರುವಾಗ ಕರುಣಾಮಯನೂ ಸರ್ವಶಕ್ತನೂ ಆದವನೊಬ್ಬನಿದ್ದಾನೆಂದು ಒಪ್ಪಲು ಅವರಿಂದಾಗಲಿಲ್ಲ. ಇದೇ ತೊಡಕು ಗ್ರೀಸಿನ ಎಪಿಕ್ಯೂರಸನ ಹೆಸರಿನಲ್ಲಿಯೂ ಬಹುಕಾಲದಿಂದ ಉಳಿದುಬಂದಿದೆ. ಆತ ದೇವತೆಗಳನ್ನು ಅಲ್ಲಗಳೆಯಲಿಲ್ಲ. ಅವರು ಮನುಷ್ಯರ ಗೊಡವೆಗೆ ಬರುವುದಿಲ್ಲ ಎಂದಷ್ಟೇ ಹೇಳಿದ.

ಪ್ರಶ್ನಿಸಿದವನನ್ನು ಅಥೆನ್ಸ್ ಕೊಂದಿತು. ಕನ್ನಡ ನಾಡು ‘ದೇವರು’ ಕೃತಿಯನ್ನು ಮತ್ತೆ ಮತ್ತೆ ಅಚ್ಚುಹಾಕಿಸಿ ಓದಿತು, ಆಸ್ತಿಕರೂ ಓದಿದರು. 2003ರಲ್ಲಿ, ನೂರಮೂರರ ತುಂಬು ವಯಸ್ಸಿನಲ್ಲಿ, ರಾಯರು ನೆಮ್ಮದಿಯಾಗಿಯೇ ಕಣ್ಮುಚ್ಚಿದರು. ಆದರೆ 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರು ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ನಮ್ಮ ಹೆಮ್ಮೆಗೆ ಅಂದು ಬಿರುಕು ಬಿಟ್ಟಿತು.

ಅದನ್ನು ಸರಿಪಡಿಸುವ ಹೊಣೆ ನಾಸ್ತಿಕರಿಗಿಂತ ನಂಬುವವರಾದ ನಮ್ಮ ಮೇಲೆಯೇ ಹೆಚ್ಚು ಎಂದು ನಾನು ಭಾವಿಸುತ್ತೇನೆ. ಪ್ರಶ್ನೆಗೆ ಅಂಜಿ ಬಂದೂಕಿನ ಕಾವಲು ಬೇಡುವ ದೇವರು, ಸಾಕ್ರಟೀಸ್ ನಂಬಿದ ಕೇಡರಿಯದ ದೇವರಾಗಲಾರ.